ಮುಳ್ಳಿನ ಗಿಡವೂ ದೋಷವಿಚಾರವೂ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಪ್ರಸಿದ್ಧವಾಗಿರುವುದಷ್ಟೆ. ಆ ಸೀಮೆಯ ಬೀಳು ಹೊಲಗಳಲ್ಲಿಯೂ ದಾರಿಯ ಬದಿಗಳಲ್ಲಿಯೂ ಬೆಳೆಯುವ ಒಂದು ಮುಳ್ಳಿನ ಗಿಡವನ್ನು ಅರಿಸಿನ ಉಮ್ಮತ್ತವೆಂದೂ ದತ್ತೂರಿಯೆಂದೂ ಕರೆಯುವರು. ಬಿಳಿಯ ಗೆರೆಗಳುಳ್ಳ ಮುಳ್ಳೆಲೆ, ಹಳದಿಯ ಹೂವು, ಮುರಿದರೆ ಒಸರುವ ಹಳದಿಯ ಹಾಲು, ಇವು ಅದರ ಗುರುತುಗಳು. ಮೆಕ್ಸಿಕೋ ದೇಶದ ಕಡೆಯಿಂದ ಬಂದ ಈ ಗಿಡಕ್ಕೆ ಇಲ್ಲಿ ಯಾರೂ ನೀರೆರೆದವರಲ್ಲ. ದನಕರುಗಳು ಅದಕ್ಕೆ ಬಾಯಿಹಾಕುವುದಿಲ್ಲ. ಕಾಯಿ ಬಲಿತು ತುದಿಯಲ್ಲಿ ಬಿರಿದರೆ ಸಾಸಿವೆಯನ್ನು ಹೋಲುವ ಕರಿಯ ಬೀಜಗಳು ಉದುರುವುವು. ಗಿಡವೊಂದಕ್ಕೆ ಅವು ಸಾವಿರಗಟ್ಟಲೆ. ಹಾರಲು ಅವಕ್ಕೆ ರೆಕ್ಕೆಯಿಲ್ಲ. ಮಳೆಯ ನೀರು, ಗಾಡಿಯ ಚಕ್ರಕ್ಕೆ ಹತ್ತಿದ ಕೆಸರು, ಬಿತ್ತನೆಯ ಕಾಳಿನ ಚೀಲ, ಇವೇ ಅವುಗಳ ವಾಹನಗಳು. ಕೆಲವು ಬೀಜಗಳು ವರ್ಷಗಳವರೆಗೆ ಮಣ್ಣಿನಲ್ಲಿ ಮಲಗಿದ್ದು, ನೆಲ ಕೆದಕಿದಾಗ ಮೊಳೆಯುವುವು.

ಇಂತಹ ಗಿಡವನ್ನು ದುಷ್ಟವೆನ್ನಬಹುದೆ? 1998ರಲ್ಲಿ ದೆಹಲಿಯಲ್ಲಿ ಈ ಬೀಜದ ಎಣ್ಣೆ ಬೆರೆತ ಸಾಸಿವೆಯೆಣ್ಣೆಯನ್ನು ಉಂಡವರಿಗೆ ಕಾಲು ಬಾತು, ಉಸಿರು ಕಟ್ಟಿ, 60ಕ್ಕೂ ಹೆಚ್ಚು ಮಂದಿ ಮೃತರಾದರು. ಆದರೂ ಕೊಂದದ್ದು ಗಿಡವೆನ್ನುವುದು ನ್ಯಾಯವಾಗದು. ಸಂಕಲ್ಪವಿಲ್ಲದಲ್ಲಿ ಪಾಪವಿಲ್ಲ. ಅಷ್ಟೇ ಅಲ್ಲ, ಗಿಡವು ಎಲೆ ಕಾಂಡ ಕಾಯಿಗಳಲ್ಲೆಲ್ಲ ಮುಳ್ಳನ್ನು ಧರಿಸಿ, ತನ್ನನ್ನು ಮುಟ್ಟಬೇಡಿರೆಂದು ಸಾರುತ್ತಲೇ ಇರುವುದು. ಬೀಜವಾದರೂ ಮುಳ್ಳಿಲ್ಲದುದು. ಲಾಭಕ್ಕಾಗಿ ತಿಳಿದೂ ಅದನ್ನು ಬೆರಸಿ ಮಾರುವವನ ಕೈಯಲ್ಲಿಯೇ ಅದು ಮೋಸವಾಗುವುದು.

ಇಷ್ಟಕ್ಕೆ ವಿಚಾರವು ಮುಗಿಯಲಿಲ್ಲ. ಕೋಲಾರದ ಸೀಮೆಯಲ್ಲಿ ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯೊಡನೆ ಸಾಸಿವೆಯನ್ನೂ ಬಿತ್ತುವುದುಂಟು. ಅಲ್ಲಿಯೇ ದತ್ತೂರಿಯೂ ಬಲಿತರೆ, ಯಾರೂ ಬೆರಸದೆಯೇ ಬೀಜಕ್ಕೆ ಬೀಜ ಬೆರೆಯಬಹುದು. ಅರಿಯದ ರೈತನು ನಿರ್ದೋಷಿ. ಅರಿತವನು, ಇದನ್ನು ನಾನು ಬಿತ್ತಲಿಲ್ಲವೆಂದರೆ ಸಾಕೆ? ಕೂಲಿಗೆ ಹಣವಿಲ್ಲದ ಬಡವನು ನೆರೆಯ ಬೀಳನ್ನೆಲ್ಲ ಕೀಳಲಾರನು. ಒಡೆಯನು ಪಟ್ಟಣ ಸೇರಿದ್ದರೆ ಹೇಳಿಕೊಳ್ಳುವುದಾದರೂ ಯಾರಿಗೆ? ಆದುದರಿಂದ ಹೊಣೆಯನ್ನು ಶಕ್ತಿಯಿಂದಲೇ ಅಳೆಯತಕ್ಕದ್ದು. ದೂರದಲ್ಲಿದ್ದೂ ಕೀಳಿಸಬಲ್ಲ ಒಡೆಯನ ಹೊಣೆ ಹಿರಿದು. ಬಡವನದು ತನ್ನ ಬದುವಿನಷ್ಟು. ಆದರೆ ಯಾರದೂ ಸೊನ್ನೆಯಲ್ಲ.

ಶಿಲ್ಪಿಯು ಕಲ್ಲನ್ನು ತಟ್ಟಿ ಅದರ ನಾದವನ್ನು ಆಲಿಸುವನು. ಒಳಗೆ ಬಿರುಕಿದ್ದರೆ ಅದು ಕಲ್ಲಿನ ಅಪರಾಧವಲ್ಲ. ಬಿರುಕನ್ನು ತಿಳಿದೂ ಮೂರ್ತಿಯನ್ನು ಕಡೆದು ಕೊಟ್ಟರೆ ಅದು ಕೈಯ ಅಪರಾಧ. ಹೊಲದ ನ್ಯಾಯವೂ ಇದೇ. ಹೂವಿರುವಾಗ ಒಂದು ಗಿಡವನ್ನು ಕೀಳಲು ಒಂದು ಕೈ ಸಾಕು; ಕಾಯಿ ಬಿರಿದ ಮೇಲೆ ಊರೆಲ್ಲ ಸೇರಿದರೂ ಸಾಲದು. ತನ್ನದಲ್ಲದ ಕೇಡೆಂದು ಮುಖ ತಿರುಗಿಸಿದವನು, ಬಿತ್ತದಿದ್ದರೂ, ಮುಂದಿನ ವರ್ಷದ ಬೆಳೆಯಲ್ಲಿ ಪಾಲುಗಾರನಾಗುವನು.