ಮನೆಯಲ್ಲಿ ಕಾಯುತ್ತಿರುವವರು ಯಾರು?

ಶನಿವಾರ ರಾತ್ರಿ ಇಂದಿರಾನಗರದಲ್ಲಿ ಹೊಸ ಗೆಳೆಯನೊಬ್ಬನ ಜೊತೆ ಊಟ ಮುಗಿಸಿ, ಮೆಟ್ರೊದಲ್ಲಿ ವಿಜಯನಗರಕ್ಕೆ ಬಂದು, ಬಾಡಿಗೆ ಮನೆಯ ಬೀಗ ತೆಗೆಯುತ್ತಿರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಸಂಜೆ ಚೆನ್ನಾಗಿಯೇ ಕಳೆದಿದೆ. ಅವನು ಮತ್ತೆ ಸಿಕ್ಕರೆ ಸಂತೋಷ. ಸಿಗದಿದ್ದರೆ ನಿದ್ದೆಗೆಡುವಂಥದ್ದೇನೂ ಇಲ್ಲ. ಚಪ್ಪಲಿ ಬಿಟ್ಟು ಒಲೆಯ ಮೇಲೆ ಹಾಲಿಡುವಷ್ಟರಲ್ಲಿ ಊರಿಂದ ಅಮ್ಮನ ಫೋನು: ‘ಮನೇಲಿ ಒಬ್ಳೇ ಇದ್ದೀಯೇನೇ?’

ಇದಕ್ಕೆ ‘ಹೌದು’ ಎಂದರೆ ಸಾಲದು ಅನ್ನುತ್ತದೆ ತತ್ತ್ವಶಾಸ್ತ್ರ. ಪ್ಲೇಟೊನ ಹೆಸರಿನಲ್ಲಿರುವ ‘ಹಿಪ್ಪಿಯಾಸ್ ಮೇಜರ್’ ಸಂವಾದದ ಕೊನೆಯಲ್ಲಿ ಸಾಕ್ರೆಟೀಸ್ ಒಂದು ಗೋಳು ತೋಡಿಕೊಳ್ಳುತ್ತಾನೆ. ಮನೆಗೆ ಹೋದರೆ ಅಲ್ಲೊಬ್ಬ ಹತ್ತಿರದ ನೆಂಟ ಕಾದು ಕೂತಿರುತ್ತಾನಂತೆ. ಸೌಂದರ್ಯವೆಂದರೇನೆಂದೇ ತಿಳಿಯದೆ ಅದರ ಬಗ್ಗೆ ಮಾತಾಡಲು ನಾಚಿಕೆಯಾಗುವುದಿಲ್ಲವೇ ಎಂದು ಜಾಡಿಸುತ್ತಾನಂತೆ. ಆ ನೆಂಟ ಬೇರಾರೂ ಅಲ್ಲ, ಸಾಕ್ರೆಟೀಸನೇ.

ರಾಜಕೀಯ ಚಿಂತಕಿ ಹನ್ನಾ ಅರೆಂಟ್ (1906–1975) ಈ ಪ್ರಸಂಗವನ್ನು ಹಿಡಿದು ಏಕಾಂತಕ್ಕೂ ಒಂಟಿತನಕ್ಕೂ ಗೆರೆ ಎಳೆದರು. ಏಕಾಂತದಲ್ಲಿ ನಾನು ‘ಒಂದರೊಳಗಿನ ಎರಡು’: ಕೇಳುವವಳೂ ನಾನೇ, ಹೇಳುವವಳೂ ನಾನೇ. ಒಂಟಿತನದಲ್ಲಿ ಈ ಎರಡನೆಯವಳೂ ಕೈಬಿಟ್ಟಿರುತ್ತಾಳೆ. ಹಾಗಾಗಿ ಅದು ಖಾಲಿ ಮನೆಗಿಂತ ಜನರ ನಡುವೆಯೇ ಹೆಚ್ಚು ಚುಚ್ಚುತ್ತದೆ. ಎದುರಿಗೊಬ್ಬ ಕೂತು ನಗುತ್ತಿರುವ ಹೋಟೆಲ್ ಟೇಬಲಿನಲ್ಲೂ.

ನಮ್ಮ ಭಾಷೆಗೆ ಇದು ಹೊಸದೇನಲ್ಲ ಎಂದು ನನಗನ್ನಿಸುತ್ತದೆ. ಗಂಡಹೆಂಡಿರು ಬಾಗಿಲು ಹಾಕಿಕೊಂಡರೂ ‘ಏಕಾಂತ’ವೇ, ದೇವಸ್ಥಾನದಲ್ಲಿ ರಾತ್ರಿ ದೇವರಿಗೆ ನಡೆಯುವುದೂ ‘ಏಕಾಂತ ಸೇವೆ’ಯೇ. ‘ಒಂಟಿ’ಯಲ್ಲಿ ಮಾತ್ರ ಇನ್ನೊಬ್ಬರಿಗೆ ಜಾಗವಿಲ್ಲ.

ಒಬ್ಬಳೇ ಸುಖವಾಗಿರುವುದೆಂದರೆ ಯಾರೂ ಬೇಡ ಎಂಬ ಜಂಬವಲ್ಲ. ಅರೆಂಟ್ ಅವರೇ ಎರಡು ಬಾರಿ ಮದುವೆಯಾದವರು. ವಿಜಯನಗರದ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಹುಡುಗಿಯ ಒಳಗಿನವಳು ವಿಚಾರಣೆ ಶುರುಮಾಡುತ್ತಾಳೆ: ‘ಅವನ ಆ ಜೋಕಿಗೆ ನಕ್ಕೆಯಲ್ಲ, ನಿಜವಾಗಿ ನಗು ಬಂದಿತ್ತಾ?’ ಇವಳಿಂದ ತಪ್ಪಿಸಿಕೊಳ್ಳಲೆಂದೇ ಮುಂದಿನ ಶನಿವಾರವನ್ನೂ ಯಾರಿಗಾದರೂ ಬರೆದುಕೊಡುವವರಿದ್ದಾರೆ. ಇವಳ ಜೊತೆ ಹೊಂದಿಕೊಂಡವಳಿಗೆ ಆ ಆತುರವಿರುವುದಿಲ್ಲ. ಗೆಳೆಯನನ್ನು ಗೆಳೆಯನಾಗಿಯೇ ನೋಡಬಲ್ಲಳು.

ಆದರೆ ಒಳಗಿನ ಈ ಇಬ್ಬರ ಸಂಭಾಷಣೆ ತಾನಾಗಿ ಮುಗಿಯುವುದಿಲ್ಲ. ಮತ್ತೆ ಒಂದಾಗಲು ಹೊರಗಿನವರೇ ಬೇಕು ಎಂದೂ ಅರೆಂಟ್ ಹೇಳಿದ್ದಾರೆ. ಮೆಟ್ರೊ ಮೆಟ್ಟಿಲ ಬಳಿ ಯಾರೋ ಹೆಸರು ಹಿಡಿದು ಕೂಗಿದಾಗ ತಟ್ಟನೆ ತಿರುಗುತ್ತೇವಲ್ಲ, ಆಗ ತಿರುಗುವವಳು ಒಬ್ಬಳೇ.