ಗಾಳದ ಕೋಲು ಮಾಡುವವನ ಹೊಣೆ: ಜೈನ ಶ್ರಾವಕಾಚಾರದ ಒಂದು ಪ್ರಶ್ನೆ

ಕೊಲ್ಲುವವನ ಪಾಪದಲ್ಲಿ ಕೊಲ್ಲುವ ಸಾಧನವನ್ನು ಮಾಡಿಕೊಟ್ಟವನಿಗೂ ಪಾಲುಂಟೇ ಎಂಬ ಪ್ರಶ್ನೆಗೆ ಭಾರತೀಯ ಧರ್ಮಗ್ರಂಥಗಳು ಒಂದೇ ಉತ್ತರ ಕೊಟ್ಟಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯವು ಪ್ರಾಣಿವಧೆಯಲ್ಲಿ ಘಾತಕರೆನಿಸುವ ಎಂಟು ಮಂದಿಯನ್ನು ಎಣಿಸುತ್ತದೆ: ಒಪ್ಪಿಗೆ ಕೊಟ್ಟವನು, ಕಡಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ಉಂಡವನು. ಅಡುಗೆಮನೆಯ ತನಕ ಬಂದು ಬಡಿಸುವ ಕೈಯನ್ನೂ ಬಿಡದ ಈ ಎಣಿಕೆಯಲ್ಲಿ ಕತ್ತಿ ಬಡಿದ ಕಮ್ಮಾರನಿಗಾಗಲಿ, ಬಲೆ ಹೆಣೆದವನಿಗಾಗಲಿ, ಗಾಳದ ಕೋಲು ಸವರಿದವನಿಗಾಗಲಿ ಜಾಗವಿಲ್ಲ. ಮನು ಬಿಟ್ಟ ಈ ಒಂಬತ್ತನೆಯವನನ್ನು ಜೈನಶಾಸ್ತ್ರ ಹೆಸರಿಟ್ಟು ಕರೆದು ವಿಚಾರಣೆಗೆ ನಿಲ್ಲಿಸುತ್ತದೆ. ಆ ವಿಚಾರಣೆಯನ್ನು ಇಂದಿನ ಗಾಳದ ಕೋಲಿನ ಕುಶಲಕರ್ಮಿಯ ಮೇಲೆ ನಡೆಸಿ ನೋಡುವುದು ಈ ಬರಹದ ಉದ್ದೇಶ.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಈ ಪ್ರಶ್ನೆ ಕೇವಲ ಗ್ರಂಥದ ಮಾತಲ್ಲ. ಕೃಷ್ಣಾ ನದಿ ಮಹಾರಾಷ್ಟ್ರದಿಂದ ಚಿಕ್ಕೋಡಿ ಮತ್ತು ಕಾಗವಾಡ ತಾಲ್ಲೂಕುಗಳ ಎಲ್ಲೆಗೆ ಬಂದು, ರಾಯಬಾಗ ತಾಲ್ಲೂಕಿನ ಕುಡಚಿಯನ್ನು ದಾಟಿ, ಅಥಣಿಯ ಸೀಮೆಯನ್ನು ಮುಟ್ಟಿ ಮುಂದೆ ಹೋಗುತ್ತದೆ. ನಿಪ್ಪಾಣಿಯ ಕಡೆಯಿಂದ ವೇದಗಂಗೆಯನ್ನು ಕೂಡಿಸಿಕೊಂಡು ಬರುವ ದೂಧಗಂಗೆ ಅದೇ ಕೃಷ್ಣೆಗೆ ಸೇರುತ್ತದೆ. ಈ ದಂಡೆಗಳಲ್ಲಿ ಅಂಬಿಗ, ಕೋಳಿ ಮೊದಲಾದ ಸಮುದಾಯಗಳು ದೋಣಿ, ಬಲೆ, ಗಾಳಗಳಿಂದ ಬದುಕಿದವು. ಅದೇ ದಂಡೆಗಳಲ್ಲಿ ದಿಗಂಬರ ಜೈನ ಒಕ್ಕಲಿಗರ ಊರುಗಳು ದಟ್ಟವಾಗಿ ಬೆಳೆದವು. ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಯನ್ನು ಮತ್ತೆ ಎತ್ತಿ ನಿಲ್ಲಿಸಿದ ಆಚಾರ್ಯ ಶಾಂತಿಸಾಗರರ (1872–1955) ಮನೆತನ ದೂಧಗಂಗೆ ಮತ್ತು ವೇದಗಂಗೆಗಳು ಕೂಡುವ ಭೋಜ ಗ್ರಾಮದ್ದು. ಆಚಾರ್ಯ ವಿದ್ಯಾನಂದರು 1925ರಲ್ಲಿ ಕಾಗವಾಡ ಬಳಿಯ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಹುಟ್ಟಿದರು. ಶಾಂತಿಸಾಗರರು ಗೃಹಸ್ಥರಾಗಿದ್ದಾಗ ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಮೀನು ಹಿಡಿಯುವ ಕೈ ಮತ್ತು ಮುನಿಯನ್ನು ಹೊತ್ತ ಹೆಗಲು ಒಂದೇ ನೀರಿನಲ್ಲಿ ಇಳಿದ ಈ ಸೀಮೆಯಲ್ಲಿ ಉಪಕರಣದ ಪ್ರಶ್ನೆ ಎದುರಾಗದೆ ಇರಲಾರದು.

ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮವು ಆತ್ಮದೊಳಗೆ ಹರಿದು ಬರುವ ಬಗೆಯನ್ನು, ಅಂದರೆ ಆಸ್ರವವನ್ನು ವಿವರಿಸುವಾಗ ‘ಅಧಿಕರಣ’ ಎಂಬ ಪರಿಭಾಷೆಯನ್ನು ತರುತ್ತದೆ. ಕ್ರಿಯೆಯೊಂದು ಯಾವುದನ್ನು ಆಶ್ರಯಿಸಿ ನಡೆಯುತ್ತದೆಯೋ ಅದು ಅಧಿಕರಣ. ಇದರಲ್ಲಿ ಜೀವದ್ದು ಒಂದು, ಅಜೀವದ್ದು ಇನ್ನೊಂದು. ಅಜೀವಾಧಿಕರಣವನ್ನು ಸೂತ್ರಕಾರ ನಾಲ್ಕಾಗಿ ಒಡೆಯುತ್ತಾನೆ: ನಿರ್ವರ್ತನೆ ಎಂದರೆ ವಸ್ತುವನ್ನು ರಚಿಸುವುದು, ನಿಕ್ಷೇಪ ಎಂದರೆ ಇಡುವುದು, ಸಂಯೋಗ ಎಂದರೆ ಒಂದನ್ನೊಂದಕ್ಕೆ ಕೂಡಿಸುವುದು, ನಿಸರ್ಗ ಎಂದರೆ ಕಾಯ, ವಾಕ್ಕು, ಮನಸ್ಸುಗಳನ್ನು ಪ್ರವೃತ್ತಿಗೆ ಬಿಡುವುದು. ಪೂಜ್ಯಪಾದನ ಸರ್ವಾರ್ಥಸಿದ್ಧಿ ಟೀಕೆಯು ನಿರ್ವರ್ತನೆಯಲ್ಲಿ ಮರಗೆಲಸ, ಚಿತ್ರಗೆಲಸ ಮೊದಲಾದುವನ್ನು ಸೇರಿಸುತ್ತದೆ. ಸಂಯೋಗದಲ್ಲಿ ಉಪಕರಣಗಳ ಜೋಡಣೆಯೇ ಒಂದು ಪ್ರತ್ಯೇಕ ಬಗೆ. ಪ್ರಾಣಿ ಸಾಯುವುದಕ್ಕೆ ಬಹಳ ಮೊದಲೇ, ವಸ್ತು ಕೈಯಲ್ಲಿ ರೂಪು ತಾಳುವ ಗಳಿಗೆಯಲ್ಲಿಯೇ ನೈತಿಕ ಲೆಕ್ಕ ಆರಂಭವಾಗುತ್ತದೆ ಎಂಬುದು ಈ ವಿಂಗಡಣೆಯ ತಿರುಳು. ಕರಕುಶಲತೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ನೀತಿಶಾಸ್ತ್ರ ಅಪರೂಪ.

ಗಾಳದ ಕೋಲಿನ ರಚನೆ ಈ ಎರಡು ಪದಗಳಿಗೆ, ನಿರ್ವರ್ತನೆ ಮತ್ತು ಸಂಯೋಗಗಳಿಗೆ, ಬರೆದಿಟ್ಟ ಉದಾಹರಣೆಯಂತಿದೆ. ಹೊಳೆಯ ದಂಡೆಯ ಸಾಮಾನ್ಯ ಗಾಳಕ್ಕೆ ಬೇಕಾದದ್ದು ಒಂದು ಬಿದಿರು, ಒಂದು ನೂಲು, ಒಂದು ಕೊಕ್ಕೆ. ಬಿದಿರನ್ನು ಆರಿಸುವವನು ಗಿಣ್ಣುಗಳ ಅಂತರ, ತುದಿಯ ಬಾಗು ಮತ್ತು ಒಣಗಿದ ಹದವನ್ನು ನೋಡಿಕೊಂಡರೆ ಸಾಕು. ಗಿರಾಕಿಯ ಅಳತೆಗೆ ಕಟ್ಟುವ ಕೋಲಿನದು ಬೇರೆಯೇ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿದಿರನ್ನು ಆರು ತ್ರಿಕೋನಾಕಾರದ ಸೀಳುಗಳಾಗಿ ಹೆರೆದು ಅಂಟಿಸಿ ಆರುಮೂಲೆಯ ಕೋಲು ಮಾಡುವ ವಿದ್ಯೆ ಪಶ್ಚಿಮದಲ್ಲಿ ಬೆಳೆಯಿತು. ಎರಡನೆಯ ಮಹಾಯುದ್ಧದ ಬಳಿಕ ಫೈಬರ್‌ಗ್ಲಾಸ್, 1970ರ ದಶಕದಿಂದ ಕಾರ್ಬನ್ ಫೈಬರ್ ಆ ಜಾಗಕ್ಕೆ ಬಂದವು. ಕಾರ್ಬನ್ ಹಾಳೆಯನ್ನು ಉಕ್ಕಿನ ಸರಳಿನ ಸುತ್ತ ಸುತ್ತಿ ಕಾಯಿಸಿ ತೆಗೆದ ಟೊಳ್ಳು ಕೋಲಿಗೆ ಬ್ಲ್ಯಾಂಕ್ ಎನ್ನುತ್ತಾರೆ. ಹಾಳೆಯ ಅಂಚುಗಳು ಒಂದರ ಮೇಲೊಂದು ಬರುವುದರಿಂದ ಬ್ಲ್ಯಾಂಕಿನ ಒಂದು ಮಗ್ಗುಲು ಉಳಿದವುಗಳಿಗಿಂತ ಬಿಗಿಯಾಗಿರುತ್ತದೆ. ಕಟ್ಟುವವನು ಅದನ್ನು ಬಾಗಿಸಿ ಹೊರಳಿಸಿ ಆ ಬಿಗಿ ಮಗ್ಗುಲನ್ನು ಪತ್ತೆಹಚ್ಚಿ, ಅದಕ್ಕೆ ತಕ್ಕಂತೆ ದಾರ ಹಾಯುವ ಉಂಗುರಗಳನ್ನು ಕೂರಿಸುತ್ತಾನೆ. ಕೋಲಿನ ಉದ್ದ ಎಷ್ಟು ಅಡಿಯೋ ಅದಕ್ಕಿಂತ ಒಂದು ಹೆಚ್ಚು ಉಂಗುರ ಎಂಬುದು ಕಸುಬಿನವರ ಅಂದಾಜು. ಉಜ್ಜಿಗೆ ದಾರ ಸವೆಯದಿರಲೆಂದು ಉಂಗುರದೊಳಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡಿನ ಬಳೆ, ಹಿಡಿಗೆ ಬೆಂಡಿನಂತಹ ಕಾರ್ಕ್ ತೊಗಟೆ, ರೀಲು ಕೂರುವ ಕಡೆ ತಿರುಪಿನ ಹಿಡಿಕೆ, ಉಂಗುರದ ಕಾಲುಗಳನ್ನು ಬಿಗಿಯುವ ನೂಲು, ನೂಲಿನ ಮೇಲೆ ಎಪಾಕ್ಸಿ ಲೇಪ. ಇಷ್ಟನ್ನು ಆರಿಸುವ ಮೊದಲು ಕಟ್ಟುವವನು ಗಿರಾಕಿಯನ್ನು ಕೇಳುವ ಪ್ರಶ್ನೆಗಳು ಮೂರು: ಯಾವ ನೀರು, ಯಾವ ಮೀನು, ಎಷ್ಟು ತೂಕ.

ಈ ಮೂರು ಪ್ರಶ್ನೆಗಳಲ್ಲಿಯೇ ಅವನ ಹೊಣೆ ಸಿಕ್ಕಿಹಾಕಿಕೊಂಡಿದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು, ಅಂದರೆ ಪ್ರಯೋಜನವಿಲ್ಲದೆ ಜೀವಗಳಿಗೆ ಕೊಡುವ ಬಾಧೆಯನ್ನು, ಐದು ಬಗೆಯಾಗಿ ಹೇಳಿ, ಅದರಲ್ಲಿ ‘ಹಿಂಸಾದಾನ’ ಎಂಬುದನ್ನು ಸೇರಿಸುತ್ತದೆ: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ವಧೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು ಹಿಂಸಾದಾನ. ಹದಿಮೂರನೆಯ ಶತಮಾನದ ಆಶಾಧರನು ಸಾಗಾರಧರ್ಮಾಮೃತದಲ್ಲಿ ಇನ್ನೂ ಬಿಗಿಯಾಗಿ, ಪರಸ್ಪರ ವ್ಯವಹಾರವಿಲ್ಲದವರಿಗೆ ಅಡುಗೆಯ ಬೆಂಕಿಯನ್ನೂ ಕೊಡಬಾರದೆನ್ನುತ್ತಾನೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಪಟ್ಟಿಯಲ್ಲಿರುವ ಕೊಡಲಿ, ಗುದ್ದಲಿ, ಬೆಂಕಿಗಳಿಗೆ ನಿರಪಾಯವಾದ ಬಳಕೆಯೂ ಉಂಟು. ಕೊಟ್ಟವನು ‘ಸೌದೆ ಒಡೆಯಲು ಕೊಟ್ಟೆ’ ಎಂದು ಹೇಳಬಹುದು. ಗಾಳದ ಕೋಲಿಗೆ ಆ ನೆಪವಿಲ್ಲ. ಅದರಲ್ಲಿಯೂ ಅಳತೆಗೆ ಕಟ್ಟಿದ ಕೋಲಿನ ವಿಷಯದಲ್ಲಿ, ಇನ್ನೂ ಹುಟ್ಟಿಯೂ ಇರದ ಒಂದು ಮೀನಿನ ಎಳೆತವನ್ನು ಕಟ್ಟುವವನು ಮೊದಲೇ ಮನಸ್ಸಿನಲ್ಲಿ ತೂಗಿ, ಆ ಎಳೆತಕ್ಕೆ ತಕ್ಕ ಬಾಗನ್ನು ರೂಪಿಸಿರುತ್ತಾನೆ.

ಹಾಗಾದರೆ ಸಾಮಗ್ರಿಯ ಆಯ್ಕೆಯಿಂದ ಈ ದೋಷ ಕಡಿಮೆಯಾಗುವುದೇ? ಹಳೆಯ ಸೀಳುಬಿದಿರಿನ ಕೋಲನ್ನು ರೇಷ್ಮೆ ನೂಲಿನಿಂದ ಬಿಗಿಯುತ್ತಿದ್ದರು, ಪ್ರಾಣಿಜನ್ಯ ಸರೇಸಿನಿಂದ ಅಂಟಿಸುತ್ತಿದ್ದರು, ಅರಗಿನ ಮೆರುಗನ್ನೂ ಬಳಸುತ್ತಿದ್ದರು. ರೇಷ್ಮೆಗೆ ಹುಳು, ಸರೇಸಿಗೆ ತೊಗಲು ಮೂಳೆ, ಅರಗಿಗೆ ಕೀಟ. ಹನ್ನೆರಡನೆಯ ಶತಮಾನದ ಹೇಮಚಂದ್ರನು ಯೋಗಶಾಸ್ತ್ರದಲ್ಲಿ ಶ್ರಾವಕನು, ಅಂದರೆ ಜೈನ ಗೃಹಸ್ಥನು, ಬಿಡಬೇಕಾದ ಹದಿನೈದು ಜೀವನೋಪಾಯಗಳಲ್ಲಿ ಲಾಕ್ಷಾವಾಣಿಜ್ಯ, ಅಂದರೆ ಅರಗಿನ ವ್ಯಾಪಾರವನ್ನು ಎಣಿಸಿದ್ದಾನೆ. ಕಾರ್ಬನ್, ಪಾಲಿಯೆಸ್ಟರ್ ನೂಲು, ಎಪಾಕ್ಸಿಗಳ ಇಂದಿನ ಕೋಲಿನಲ್ಲಿ ಈ ಯಾವ ಪ್ರಾಣಿಯೂ ಇಲ್ಲ. ವಸ್ತುವಿನ ಲೆಕ್ಕದಲ್ಲಿ ಅದು ಹಳೆಯ ಕೋಲಿಗಿಂತ ಶುದ್ಧ. ವಸ್ತು ಎಲ್ಲಿಂದ ಬಂತೆಂಬ ವಿಚಾರ ಕ್ಷುಲ್ಲಕವೂ ಅಲ್ಲ. ಸದಲಗಾದಲ್ಲಿ ಹುಟ್ಟಿದ ವಿದ್ಯಾಸಾಗರರು ಕೈಮಗ್ಗದ ಬಟ್ಟೆಯನ್ನು ಅಹಿಂಸಕ ಉದ್ಯೋಗವೆಂದು ಪ್ರೋತ್ಸಾಹಿಸಿದ್ದರ ಹಿಂದೆ ಇದೇ ವಿಚಾರವಿತ್ತು. ಆದರೆ ವಸ್ತುವಿನ ಶುದ್ಧಿ ಉದ್ದೇಶದ ತನಕ ತಲುಪುವುದಿಲ್ಲ ಎಂಬುದಕ್ಕೆ ನವಿಲುಗರಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ತಾನಾಗಿ ಉದುರಿದ ನವಿಲುಗರಿಗಳನ್ನು ಕಟ್ಟಿದ ಪಿಂಛಿಯಿಂದ ದಿಗಂಬರ ಮುನಿ ಕೂರುವ ಮೊದಲು ನೆಲದ ಇರುವೆಯನ್ನು ಮೆಲ್ಲಗೆ ಸರಿಸುತ್ತಾನೆ; ಅದೇ ನವಿಲುಗರಿಯ ಎಳೆಯನ್ನು ಕೊಕ್ಕೆಯ ಕಾಲಿಗೆ ಸುತ್ತಿ, ಮೀನು ಹುಳುವೆಂದು ನಂಬುವಂತೆ ಕೃತಕ ನೊಣ ಕಟ್ಟುವುದು ಪಶ್ಚಿಮದ ಗಾಳದವರ ನೂರಾರು ವರ್ಷಗಳ ರೂಢಿ. ಎರಡರಲ್ಲಿಯೂ ಹಕ್ಕಿಗೆ ನೋವಾಗಿರಬೇಕೆಂದಿಲ್ಲ. ಎರಡೂ ಸಂಯೋಗವೇ.

ಇಲ್ಲಿ ಒಂದು ಮಾತನ್ನು ಬಿಡದೆ ಹೇಳಬೇಕು. ಹೇಮಚಂದ್ರನ ಅದೇ ಪಟ್ಟಿಯಲ್ಲಿ ಎಳ್ಳು, ಕಬ್ಬು ಮುಂತಾದುವನ್ನು ಯಂತ್ರದಲ್ಲಿ ಹಿಂಡುವ ಯಂತ್ರಪೀಡನವೂ ಇದೆ. ಕಬ್ಬೇ ಉಸಿರಾಗಿರುವ, ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಎದ್ದುನಿಂತ ಈ ಐದು ತಾಲ್ಲೂಕುಗಳಲ್ಲಿ ಆ ಸಾಲನ್ನು ಓದುವವರು ಕಡಿಮೆ. ಮೀನುಗಾರನ ಕೋಲು ಕಣ್ಣಿಗೆ ಚುಚ್ಚುವಷ್ಟು ಗಾಣದ ಉರುಳೆ ಚುಚ್ಚದಿರುವುದಕ್ಕೆ ಶಾಸ್ತ್ರಕ್ಕಿಂತ ರೂಢಿಯೇ ಹೆಚ್ಚು ಕಾರಣ.

ಉದ್ದೇಶದ ವಿಷಯದಲ್ಲಿ ಅತ್ಯಂತ ಕಠಿಣವಾಗಿ ಮಾತಾಡಿದವನು ಸೋಮದೇವಸೂರಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ ಪೂರ್ತಿಯಾದ ಅವನ ಯಶಸ್ತಿಲಕ ಚಂಪುವಿನಲ್ಲಿ ಮೀನುಗಾರ ಮತ್ತು ರೈತರ ಹೋಲಿಕೆಯೊಂದಿದೆ: ನೇಗಿಲ ಬಾಯಿಗೆ ಎಷ್ಟೋ ಜೀವಗಳನ್ನು ಕೊಟ್ಟ ರೈತನ ಮನಸ್ಸು ಬೆಳೆಯ ಮೇಲಿರುವುದರಿಂದ ಅವನು ಪಾಪಿಯಲ್ಲ, ಒಂದು ಮೀನನ್ನೂ ಹಿಡಿಯದೆ ಬರಿಗೈಯಲ್ಲಿ ಮನೆಗೆ ಹೋದ ಮೀನುಗಾರನ ಮನಸ್ಸು ಮೀನಿನ ಮೇಲಿರುವುದರಿಂದ ಅವನು ಪಾಪಿ. ತತ್ತ್ವಾರ್ಥಸೂತ್ರವೂ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣಹರಣ ಮಾಡುವುದೇ ಹಿಂಸೆ ಎನ್ನುತ್ತದೆ. ಕೋಲು ಕಟ್ಟುವ ಕುಶಲಿಯ ಪರವಾಗಿ ವಾದಿಸುವವರು ಇದನ್ನೇ ಹಿಡಿದು, ಅವನಷ್ಟು ಎಚ್ಚರದ ಮನುಷ್ಯ ಬೇರೆ ಯಾರು ಎಂದು ಕೇಳಬಹುದು. ಆದರೆ ಕಸುಬಿನ ಎಚ್ಚರ ಬೇರೆ, ಶಾಸ್ತ್ರ ಹೇಳುವ ಅಪ್ರಮಾದ ಬೇರೆ. ಮೊದಲನೆಯದು ವಸ್ತುವಿನ ಮೇಲಿನ ಗಮನ; ಎರಡನೆಯದು ಇನ್ನೊಂದು ಜೀವದ ಮೇಲಿನ ಗಮನ. ಐದು ಇಂದ್ರಿಯಗಳ ಜೀವವೆಂದು ಜೈನರು ಎಣಿಸುವ ಮೀನಿನ ಬಾಯಿಯ ಸ್ಪರ್ಶವನ್ನು ಕೋಲಿನ ಹಿಡಿಯಲ್ಲಿ ಕೇಳಿಸುವಂತೆ ಮಾಡುವ ಸೂಕ್ಷ್ಮತೆ ಮೊದಲನೆಯದರಲ್ಲಿ ಗೆಲುವು, ಎರಡನೆಯದರಲ್ಲಿ ಸೋಲು.

ಹೊಳೆಯ ದಂಡೆಯ ಕುಟುಂಬದ ಕಡೆಯಿಂದ ನೋಡಿದರೆ ಮಾತ್ರ ಈ ತೀರ್ಪು ಸ್ವಲ್ಪ ಅಲುಗಾಡುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಿದಿರಿನ ಕಸುಬಿನ ಮೇದಾರ ಕೇತಯ್ಯನೂ ದೋಣಿಯ ಅಂಬಿಗರ ಚೌಡಯ್ಯನೂ ಇದ್ದರು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836–1921) ನೆನಪು ಇನ್ನೂ ಹಸಿಯಾಗಿರುವ ಈ ಸೀಮೆಯಲ್ಲಿ ದುಡಿಮೆಯನ್ನು ಅದರ ಜಾತಿಯಿಂದ ಅಳೆಯದೆ ದುಡಿಯುವವನ ನಿಷ್ಠೆಯಿಂದ ಅಳೆಯುವ ಕಾಯಕದೃಷ್ಟಿ ಜೈನದೃಷ್ಟಿಯ ಪಕ್ಕದಲ್ಲಿಯೇ ಬದುಕಿದೆ. ಜೈನ ಪರಂಪರೆಯೂ ಹಿಂಸೆಯನ್ನು ಬೇಕೆಂದೇ ಮಾಡುವ ಸಂಕಲ್ಪಿ, ಮನೆವಾರ್ತೆಯ ಆರಂಭಿ, ಜೀವನೋಪಾಯದ ಉದ್ಯೋಗಿ, ಆತ್ಮರಕ್ಷಣೆಯ ವಿರೋಧಿ ಎಂದು ನಾಲ್ಕಾಗಿ ನೋಡುತ್ತದೆ. ಸೋಮದೇವನ ಮಾತಿನಂತೆ ಮೀನುಗಾರಿಕೆ ಸಂಕಲ್ಪಿಯೇ ಆಗುತ್ತದೆ, ನಿಜ. ಆದರೂ ಹಸಿವಿಗಾಗಿ ಹಿಡಿದ ಬಿದಿರುಕೋಲಿಗೆ ಅನರ್ಥದಂಡದ ದೋಷ ತಗಲುವುದಿಲ್ಲ, ಏಕೆಂದರೆ ಅಲ್ಲಿ ಪ್ರಯೋಜನವಿದೆ. ಬಿಡುವಿನ ದಿನ ಮೋಜಿಗಾಗಿ ಹಿಡಿದ ದುಬಾರಿ ಕಾರ್ಬನ್ ಕೋಲಿಗೆ ಸಂಕಲ್ಪವೂ ಉಂಟು, ಅನರ್ಥವೂ ಉಂಟು.

ಮೋಜಿನ ಗಾಳದವರು ಇದಕ್ಕೆ ಹೇಳುವ ಉತ್ತರ, ಹಿಡಿದ ಮೀನನ್ನು ಮರಳಿ ಬಿಡುತ್ತೇವೆ ಎಂಬುದು. ಕರ್ನಾಟಕದಲ್ಲಿ ಈ ಪದ್ಧತಿ ಬೆಳೆದದ್ದು ಕಾವೇರಿಯ ಮಹಶೀರ್ ಮೀನಿನ ಸುತ್ತ, ಭೀಮೇಶ್ವರಿಯಂತಹ ಶಿಬಿರಗಳಲ್ಲಿ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ ಅದು ಮುಂದೆ ಅಲ್ಲಿ ನಿಂತಿತು. ಸೆರೆಹಿಡಿಯುವುದನ್ನೂ ಬೇಟೆಯೊಳಗೆ ಸೇರಿಸುವ 1972ರ ವನ್ಯಜೀವಿ ಕಾಯ್ದೆ, ತನಗೆ ಗೊತ್ತಿಲ್ಲದೆಯೇ ಸೋಮದೇವನ ಪಕ್ಕಕ್ಕೆ ಬಂದು ನಿಂತಿದೆ. ಆದರೆ ಯಶಸ್ತಿಲಕದಲ್ಲಿಯೇ ಮೀನನ್ನು ಮರಳಿ ಬಿಟ್ಟವನೊಬ್ಬನ ಕಥೆಯೂ ಇದೆ. ಮೃಗಸೇನನೆಂಬ ಬೆಸ್ತ, ಮೊದಲು ಸಿಕ್ಕ ಮೀನನ್ನು ಬಿಟ್ಟುಬಿಡುವೆನೆಂದು ಮುನಿಯಿಂದ ವ್ರತ ಹಿಡಿಯುತ್ತಾನೆ; ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ ಅದೇ ಮೀನು ಐದು ಸಲ ಬಲೆಗೆ ಬೀಳುತ್ತದೆ, ಐದು ಸಲವೂ ಅವನು ಬಿಡುತ್ತಾನೆ. ಬರಿಗೈಯಲ್ಲಿ ಬಂದವನನ್ನು ಹೆಂಡತಿ ಒಳಗೆ ಸೇರಿಸುವುದಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸಾಯುತ್ತಾನೆ. ಮುಂದಿನ ಜನ್ಮದಲ್ಲಿ ಐದು ಸಲ ಸಾವಿನಿಂದ ಪಾರಾಗುತ್ತಾನೆ. ಮೃಗಸೇನ ಬಿಟ್ಟದ್ದು ತನಗೆ ಬೇಕಾಗಿದ್ದ ಮೀನನ್ನು. ಮೋಜಿನವನು ಬಿಡುವುದು ತನಗೆ ಬೇಡದ ಮೀನನ್ನು. ಮುಳ್ಳಿಲ್ಲದ ಕೊಕ್ಕೆ ಬಳಸಿದರೆ ಗಾಯ ಕಡಿಮೆಯಾಗುತ್ತದೆ ಎಂಬುದು ನಿಜ, ಮತ್ತು ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಅದನ್ನು ವ್ರತವೆಂದು ಕರೆಯಲಾಗದು.

ಕೋಲು ಕಟ್ಟುವವನು ಮೃಗಸೇನನಂತೆ ಒಂದು ಅಣುವ್ರತವನ್ನು, ಗೃಹಸ್ಥನಿಗೆ ಸಾಧ್ಯವಾಗುವ ಸಣ್ಣ ಮಿತಿಯ ವ್ರತವನ್ನು ಹಿಡಿಯಬಯಸಿದರೆ, ಮೇಲಿನ ವಿಚಾರದಿಂದ ಹೊರಡುವ ವ್ರತ ಇದು: ಹೊಟ್ಟೆಪಾಡಿನವನಿಗೆ ಕಟ್ಟಿಕೊಡುವುದು, ಮೋಜಿನವನಿಗೆ ಕಟ್ಟಿಕೊಡದಿರುವುದು. ವ್ರತ ಸರಿಯಾಗಿದೆ, ಅಂಗಡಿ ಮಾತ್ರ ನಡೆಯುವುದಿಲ್ಲ. ಅಳತೆ ಕೊಟ್ಟು, ಕಾರ್ಕಿನ ಬಣ್ಣವನ್ನೂ ನೂಲಿನ ಬಣ್ಣವನ್ನೂ ಆರಿಸಿ ಕೋಲು ಮಾಡಿಸುವವರೆಲ್ಲ ಮೋಜಿನವರೇ. ಕುಡಚಿಯ ಕಡೆಯ ಹೊಳೆಯ ದಂಡೆಯವನು ತನ್ನ ಬಿದಿರನ್ನು ತಾನೇ ಕಡಿದುಕೊಳ್ಳುತ್ತಾನೆ.