ಅಂಗಳ ಯಾರದು?

ಮನೆ ನನ್ನದು; ಅದರ ಮುಂದಿನ ಅಂಗಳವೂ ನನ್ನದು. ಆದರೆ ಅಂಗಳದ ನೋಟ ಯಾರದು? ಅದನ್ನು ದಿನವೂ ಕಾಣುವವರು ನನಗಿಂತ ಹೆಚ್ಚಾಗಿ ಎದುರುಮನೆಯವರು. ಹಾಗಿದ್ದಮೇಲೆ ಅಲ್ಲಿ ಏನು ಬೆಳೆಯಬೇಕೆಂದು ಹೇಳುವ ಅಧಿಕಾರ ಅವರಿಗೂ ಸ್ವಲ್ಪ ಉಂಟೆ? ಪ್ರಶ್ನೆ ಅಲ್ಪವೆಂದು ತೋರಬಹುದು. ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲನ್ನೇರಿತು; ಒಂದು ರಾಜ್ಯದಲ್ಲಿ ಹೊಸ ಶಾಸನಕ್ಕೇ ಎಡೆಮಾಡಿತು.

ಆ ದೇಶದ ಅನೇಕ ಬಡಾವಣೆಗಳಲ್ಲಿ ಮನೆ ಕೊಳ್ಳುವವನು ಅದರೊಡನೆಯೇ ಮನೆಯೊಡೆಯರ ಸಂಘದ ಕಟ್ಟುಪಾಡುಗಳನ್ನೂ ಒಪ್ಪಿಕೊಳ್ಳಬೇಕು. ಗೋಡೆಯ ಬಣ್ಣ, ಬೇಲಿಯ ಎತ್ತರ, ಹುಲ್ಲಿನ ಉದ್ದ, ಇವಕ್ಕೆಲ್ಲ ನಿಯಮಗಳುಂಟು. ಮೀರಿದರೆ ದಂಡವೂ ಉಂಟು. ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯದಲ್ಲಿ ದಂಪತಿಗಳೊಬ್ಬರು ಹುಲ್ಲುಹಾಸನ್ನು ಬಿಟ್ಟು, ಆ ನೆಲದವೇ ಆದ ಹೂಗಿಡಗಳನ್ನು ಕೀಟನಾಶಕವಿಲ್ಲದೆ ವರ್ಷಗಳಿಂದ ಬೆಳೆಸಿದ್ದರು. ನೆರೆಯವರಿಗೆ ಅದು ಹಿಡಿಸಲಿಲ್ಲ. 2017ರಲ್ಲಿ ಸಂಘದ ಕಡೆಯಿಂದ ಪತ್ರ ಬಂತು: ಗಿಡಗಳನ್ನು ಕಿತ್ತು ಹುಲ್ಲು ಹಾಕತಕ್ಕದ್ದು. ದಂಪತಿಗಳು ಮೊಕದ್ದಮೆ ಹೂಡಿದರು. 2020ರ ಡಿಸೆಂಬರಿನಲ್ಲಿ ರಾಜಿಯಾಗಿ ತೋಟದ ಬಹುಭಾಗ ಉಳಿಯಿತು. ಮರುವರ್ಷವೇ ಮೇರಿಲ್ಯಾಂಡಿನ ಶಾಸನಸಭೆ, ಚಿಟ್ಟೆ ಜೇನುಗಳಿಗಾಗಿ ಬೆಳೆಸಿದ ತೋಟ, ಮಳೆನೀರು ಇಂಗಿಸುವ ತೋಟ ಮೊದಲಾದವುಗಳ ಮೇಲೆ ಸಂಘಗಳು ಯುಕ್ತವಲ್ಲದ ನಿರ್ಬಂಧ ಹೇರಕೂಡದೆಂದು ವಿಧಿಸಿತು.

ಸಂಘದ ಪಕ್ಷವನ್ನು ಮೊದಲು ಕೇಳೋಣ. ಯಾರೂ ಇವರ ಕೈಹಿಡಿದು ಸಹಿ ಮಾಡಿಸಲಿಲ್ಲವಲ್ಲ? ಬೀದಿ ಒಂದೇ ತೆರನಾಗಿರುತ್ತದೆಂದು ನಂಬಿ ನೆರೆಯವನು ತನ್ನ ಜೀವಮಾನದ ಉಳಿತಾಯವನ್ನು ಅಲ್ಲಿ ಸುರಿದಿದ್ದಾನೆ. ಆ ನಂಬಿಕೆಯನ್ನು ಮುರಿಯುವುದು ಹಗುರವಾದ ಕೆಲಸವಲ್ಲ. ಹುಲಿಗೆ ಕೊಟ್ಟ ಮಾತಿಗಾಗಿ ಹಿಂದಿರುಗಿದ ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಾವು ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಪುಣ್ಯಕೋಟಿ ಒತ್ತೆಯಿಟ್ಟದ್ದು ತನ್ನ ಪ್ರಾಣವನ್ನು, ಕರುವಿನದನ್ನಲ್ಲ. ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿಯೇ ಅದು ಹೊರಟಿತು. ಮಾತಿಗೂ ಒಂದು ಮೇರೆಯುಂಟು: ನನ್ನದನ್ನು ನಾನು ಕೊಡಬಹುದು, ಮತ್ತೊಬ್ಬರದನ್ನು ಕೊಡಲಾರೆ. ಅಮೆರಿಕದವರಿಗೆ ಇದು ಹೊಸ ಪಾಠವೇನೂ ಅಲ್ಲ. ಕರಿಯರಿಗೆ ಮನೆ ಮಾರಕೂಡದೆಂಬ ಕರಾರುಗಳಿಗೂ ಅಲ್ಲಿ ಒಂದು ಕಾಲದಲ್ಲಿ ಜನ ಸಹಿ ಹಾಕಿದ್ದರು. ಅಂಥವನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪಿತ್ತಿತು. ಹೂಗಿಡದ ಜಗಳವನ್ನು ಆ ಘೋರ ಅನ್ಯಾಯಕ್ಕೆ ಸಮವೆಂದು ನಾನು ಹೇಳುತ್ತಿಲ್ಲ. ಸಹಿ ಬಿದ್ದ ಮಾತ್ರಕ್ಕೆ ವಿಚಾರ ಮುಗಿಯದೆಂದಷ್ಟೇ ಹೇಳುತ್ತಿದ್ದೇನೆ.

ಈ ಕರಾರಿನಲ್ಲಿ ಸಹಿ ಹಾಕದವರು ಯಾರು? ಮೊನಾರ್ಕ್ ಚಿಟ್ಟೆಯ ಮರಿಹುಳು ಮಿಲ್ಕ್‌ವೀಡ್ ಎಂಬ ಜಾತಿಯ ಗಿಡಗಳ ಎಲೆಯನ್ನಲ್ಲದೆ ಬೇರೇನನ್ನೂ ತಿಂದು ಬದುಕದು. ಆ ಗಿಡ ನಮ್ಮ ಎಕ್ಕದ ನಂಟಿನದೇ. ಮೊನಾರ್ಕಿನ ದಾಯಾದಿಯೊಂದು ನಮ್ಮಲ್ಲಿಯೂ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಎಲ್ಲ ಅಂಗಳಗಳಲ್ಲಿಯೂ ಹುಲ್ಲೇ ಆದರೆ ಆ ಹುಳು ಹೋಗುವುದೆಲ್ಲಿಗೆ? ಹುಲ್ಲಿಗೆ ಹೆಚ್ಚಾಗಿ ಸುರಿದ ಗೊಬ್ಬರವೂ ಮಳೆಯೊಡನೆ ಹರಿದು ಚೆಸಪೀಕ್ ಕೊಲ್ಲಿಯನ್ನು ಸೇರುತ್ತದೆ. ಪಾಚಿ ಬೆಳೆದು ಕೊಳೆತು, ಮೀನುಗಳಿಗೆ ಬೇಕಾದ ಆಮ್ಲಜನಕ ಕುಂದುತ್ತದೆ. ಒಂದು ಅಂಗಳದಿಂದ ಆಗುವುದೇನೆಂದು ಕೇಳಬೇಡಿ. ಆ ದೇಶದ ಹುಲ್ಲುಹಾಸುಗಳೆಲ್ಲ ಸೇರಿ ಸುಮಾರು 1,60,000 ಚದರ ಕಿಲೋಮೀಟರು ಎಂದು 2005ರಲ್ಲಿ ಪ್ರಕಟವಾದ ಅಂದಾಜು. ನಮ್ಮ ಕರ್ನಾಟಕದ ವಿಸ್ತೀರ್ಣವೇ ಸುಮಾರು 1,92,000.

ಇನ್ನು ಅಂದದ ಮಾತು. ಹುಲ್ಲುಹಾಸು ಇಂಗ್ಲೆಂಡಿನ ಶ್ರೀಮಂತರ ಬಂಗಲೆಗಳ ಮುಂದೆ ಮೆರೆದ ಅಲಂಕಾರ. ಬೆಳೆ ತೆಗೆಯಬೇಕಾಗಿಲ್ಲದಷ್ಟು ನೆಲ ತನ್ನಲ್ಲಿದೆಯೆಂಬುದರ ಪ್ರದರ್ಶನ. ಕೆಂಟಕಿಯ ಹೆಸರನ್ನು ಹೊತ್ತ ಬ್ಲೂಗ್ರಾಸ್ ಕೂಡ ಯೂರೋಪಿನಿಂದ ಬಂದದ್ದು. ಹುಲ್ಲೊಂದೇ ಸಾಕೆಂಬ ನಿಯಮದೆದುರು ಮೇರಿಲ್ಯಾಂಡಿನ ರಾಜ್ಯಪುಷ್ಪವಾದ ‘ಕಪ್ಪುಗಣ್ಣಿನ ಸೂಸನ್’ ಕೂಡ ಕಳೆಯೆನ್ನಿಸಿಕೊಳ್ಳುತ್ತದೆ! ರೂಢಿಯನ್ನೇ ನಾವು ಎಷ್ಟೋ ಸಲ ಸೌಂದರ್ಯವೆಂದು ಭ್ರಮಿಸುತ್ತೇವೆ.

ಹಾಗೆಂದು ತೋಟಗಾರನು ಹೇಳಿದ್ದೇ ವೇದವಾಗದು. ಸೋಮಾರಿತನಕ್ಕೆ ‘ಪ್ರಕೃತಿ’ಯೆಂದು ಹೆಸರಿಡುವುದು ಬಹಳ ಸುಲಭ. ಗಿಡಕ್ಕೆ ಬೇಲಿಯ ಪರಿಜ್ಞಾನವಿಲ್ಲವೆಂಬುದನ್ನೂ ಮರೆಯಬಾರದು. ಅಮೆರಿಕ ಖಂಡದಿಂದ ಚೆಲುವಿಗಾಗಿ ನಮ್ಮ ದೇಶದ ತೋಟಗಳಿಗೆ ಬಂದ ಲಂಟಾನ ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡಿನ ಗಿಡಗಳನ್ನೇ ಅದುಮಿ ಹಬ್ಬಿದೆ. ‘ನನ್ನ ನೆಲ, ನನ್ನ ಇಷ್ಟ’ ಎಂಬ ವಾದ ಇಲ್ಲಿ ಸೋಲುತ್ತದೆ. ಆದ್ದರಿಂದಲೇ ಮೇರಿಲ್ಯಾಂಡಿನ ಶಾಸನ ಒಂದು ಷರತ್ತನ್ನು ಇಟ್ಟಿರುವುದು ನನಗೆ ಮೆಚ್ಚುಗೆಯಾಯಿತು: ಒಡೆಯನು ತೋಟವನ್ನು ತಪ್ಪದೆ ನೋಡಿಕೊಳ್ಳುತ್ತಿರಬೇಕು.

ನಿಯಮ ಎಲ್ಲಿಯವರೆಗೆ ಹೋಗಬಹುದೆಂಬುದು ಇದರಿಂದ ನನಗೆ ಸ್ಪಷ್ಟವಾಗುತ್ತದೆ. ಕಾಲುದಾರಿಗೆ ಕೊಂಬೆ ಚಾಚಬಾರದು, ಹಬ್ಬಿ ಕೊಲ್ಲುವ ಗಿಡ ಬೇಡ, ನೆರೆಯವನ ಗಡಿಗೆ ನಾಲ್ಕು ಹೆಜ್ಜೆ ಬಿಡು ಎಂದು ಸಂಘ ಹೇಳಲಿ; ತಲೆಬಾಗಿ ಕೇಳಬೇಕು. ನಿನ್ನ ಅಂಗಳ ನನ್ನದರಂತೆಯೇ ಇರಲಿ ಎಂದರೆ ಮಾತ್ರ, ಏಕೆ ಎಂದು ಕೇಳುವ ಹಕ್ಕು ನಮಗುಂಟು. ನೆರೆಯವನಿಗೆ ನಾನು ತೊಂದರೆ ಕೊಡಬಾರದು. ಆದರೆ ಅವನ ಪಡಿಯಚ್ಚಾಗಬೇಕೆಂಬ ಋಣ ನನ್ನ ಮೇಲಿಲ್ಲ.